ಮದುಮಗ ಮರಳು ತೆಗೆದದ್ದು

ಮದುವೆಗೆ ಊರಿಗೆ ಹೊರಡುವ ಮದುಮಗ ಎಷ್ಟು ಅಚ್ಚುಕಟ್ಟಾಗಿರಬೇಕು ಎಂಬುದಕ್ಕೆ ನಾನೇ ಮಾದರಿ ಎಂದು ಆ ದಿನ ಬೆಳಿಗ್ಗೆ ಹತ್ತು ಗಂಟೆಯವರೆಗೂ ನಂಬಿದ್ದೆ. ಡೈರಿಯಲ್ಲಿ ಎಲ್ಲವೂ ವೇಳೆ ಸಮೇತ ಬರೆದಿತ್ತು: ಮಧ್ಯಾಹ್ನ ಎರಡಕ್ಕೆ ವಿಮಾನ, ಮರುದಿನ ಸಂಜೆ ಮಂಗಳೂರಿನ ಮನೆಯಲ್ಲಿ ರೋಸ್. ಮದುವೆಯ ಮುನ್ನಾದಿನ ಮದುಮಗನನ್ನು ಕೂರಿಸಿ, ನೆಂಟರೆಲ್ಲ ತಲೆಗೆ ತೆಂಗಿನ ಹಾಲು ಹೊಯ್ಯುವ ಶಾಸ್ತ್ರವದು. ಅಮ್ಮ ನೆರೆಕೆರೆಯ ಇಡೀ ವಾಡೆಯನ್ನೇ ಕರೆದಿದ್ದಳು.

ಡೈರಿಯಲ್ಲಿ ಇಲ್ಲದ್ದು ಒಂದೇ. ಎರಡು ದಿನ ಬೀಸಿದ ಧೂಳಿನ ಗಾಳಿ, ಕೊಲ್ಲಿ ನಾಡಿನ ಎಣ್ಣೆಯೂರು ಅಹ್ಮದಿಯ ನಮ್ಮ ಕಂಪೆನಿ ಮನೆಯ ಗೇಟಿನಿಂದ ಕಾರಿನವರೆಗೆ ಮೊಣಕಾಲೆತ್ತರ ಮರಳು ಸುರಿದು ಹೋಗಿತ್ತು.

"ಟ್ಯಾಕ್ಸಿಗೆ ಫೋನ್ ಮಾಡು ಮಾರಾಯ," ಎಂದಳು ಅಕ್ಕ ಹೆಲೆನ್. ಭಾವ ಶುಐಬಾದ ಎಣ್ಣೆ ಕಾರ್ಖಾನೆಗೆ ಡ್ಯೂಟಿಗೆ ಹೋಗಿದ್ದರು. ನನ್ನನ್ನು ವಿಮಾನ ಹತ್ತಿಸುವ ಹೊಣೆ ಅವಳದು.

"ಮನೆಯಲ್ಲಿ ಕಾರಿಟ್ಟುಕೊಂಡು ಟ್ಯಾಕ್ಸಿಯಾ? ಅರ್ಧ ಗಂಟೆ ಕೊಡು."

ಕಾಲನಿಯ ತೋಟದವರ ಬಳಿ ಗೊಬ್ಬರ ಹೊರುವ ಸಣ್ಣ ನಾಲ್ಕು ಚಕ್ರದ ಮೋಟಾರು ಗಾಡಿಯೊಂದಿತ್ತು. ಬೇಡಿ ತಂದೆ. ಮರಳು ತಳ್ಳಲು ಅದರ ಮೂತಿಗೊಂದು ಹಲಗೆ ಬೇಕಲ್ಲ? ಅಡುಗೆಮನೆಯ ಕಪಾಟಿನ ಬಾಗಿಲು ಅಳತೆಗೆ ಸರಿಹೋಯಿತು. "ಅಯ್ಯೋ, ಅದು ನನ್ನ ಬಾಗಿಲು!" ಎಂದು ಅಕ್ಕ ಕೂಗುವಷ್ಟರಲ್ಲಿ ಹಗ್ಗ ಬಿಗಿದಾಗಿತ್ತು.

ಮೊದಲ ಸಲ ತಳ್ಳಿದೆ. ಮರಳು ಹೋಯಿತು. ಗಾಳಿ ಅದನ್ನು ವಾಪಸು ತಂದಿತು. ಹನ್ನೊಂದನೆಯ ಸಲ ತಳ್ಳಿದಾಗಲೂ ಅಂಗಳ ಇದ್ದ ಹಾಗೇ ಇತ್ತು. ನನ್ನ ಬಾಯೊಳಗೆ ಮಾತ್ರ ಮರಳು ಹೆಚ್ಚಿತ್ತು.

ಆಗ ಊರಿನ ಬುದ್ಧಿ ಹೊಳೆಯಿತು. ಅಂಗಳದ ಧೂಳು ಏಳದಂತೆ ನಮ್ಮ ಕಡೆ ಏನು ಮಾಡುತ್ತಾರೆ? ನೀರು ಹಾಕುತ್ತಾರೆ! ಪೈಪು ಬಿಟ್ಟು, ಒಳಗೆ ಹೋಗಿ ಸಾವಕಾಶವಾಗಿ ಚಹಾ ಕುಡಿದು ಬಂದೆ.

ಹೊರಗೆ ಅಂಗಳವಿರಲಿಲ್ಲ. ನಾಟಿಗೆ ಹದವಾದ ಗದ್ದೆಯಿತ್ತು. ಧೈರ್ಯಗೆಡದೆ ಗಾಡಿಯೇರಿ, ಅರಬರ ಹಾಗೆ ಯಲ್ಲಾ, ನಡಿ ಎಂದೆ. ಅದು ಜಾರಿಕೊಂಡು ಹೋಗಿ, ಕಾರಿನ ಡಿಕ್ಕಿಗೆ ಮೂತಿ ಒತ್ತಿ, ಚಕ್ರ ಮುಳುಗುವಷ್ಟು ಹೂತು ನಿಂತಿತು.

ಸಾಮಾನು ಕೊಡಲು ಪಿಕಪ್ಪಿನಲ್ಲಿ ಬಂದ ಅಂಗಡಿಯ ಹಮೀದಾಕ, ಉಳ್ಳಾಲದವರು, ಗೇಟಿನಲ್ಲೇ ನಿಂತರು.

"ಎಂತ ಹೆಲೆನ್‌ಬಾಯಿ, ಕಂಬಳವಾ? ಕೋಣ ಕಾಣುದಿಲ್ಲಲ್ಲ?"

"ಗಾಡಿಯ ಮೇಲೆ ಕೂತಿದೆ ನೋಡಿ," ಎಂದಳು ಅಕ್ಕ.

ನಕ್ಕು ಮುಗಿಸಿ ಹಮೀದಾಕ ಅಂದರು, "ಸಾಯ್ಲಿ, ನನ್ನ ಪಿಕಪ್ಪಿನಲ್ಲಿ ಬಿಡ್ತೇನೆ. ಪಾಸ್‌ಪೋರ್ಟ್, ಪೆಟ್ಟಿಗೆ ತನ್ನಿ. ಬೇಗ!"

ಎರಡನ್ನೂ ನಾನು ಬೆಳಿಗ್ಗೆಯೇ ಅಚ್ಚುಕಟ್ಟಾಗಿ ಇಟ್ಟಿದ್ದೆ. ಡಿಕ್ಕಿಯಲ್ಲಿ!

ಮೂವರೂ ಕೆಸರು ಅಗೆದು, ಗಾಡಿ ಸರಿಸಿ, ಡಿಕ್ಕಿ ತೆರೆದು, ವಿಮಾನ ನಿಲ್ದಾಣ ಮುಟ್ಟಿದಾಗ ಕೌಂಟರಿನವನು ನನ್ನ ಪ್ಯಾಂಟನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದ. "ಖಲಾಸ್," ಎಂದ. ಇನ್ನೊಂದು ವಿಮಾನ ನನ್ನನ್ನು ಊರಿಗೆ ಮುಟ್ಟಿಸುವುದು ಮದುವೆಯ ದಿನ ಬೆಳಿಗ್ಗೆ.

ಮರುದಿನ ಸಂಜೆ ಫೋನಿನಲ್ಲಿ ಅಮ್ಮ ಕೂಗಿದಳು. "ಬ್ಯಾಂಡಿನವರು ಬಂದಾಯ್ತು, ಹಾಲು ಹಿಂಡಿಯಾಯ್ತು. ಈಗ ನಾನು ಯಾರ ತಲೆಗೆ ಹೊಯ್ಯುದು ಮಗಾ?"

ಉತ್ತರ ಅಮ್ಮನಿಗೇ ಸಿಕ್ಕಿತು. ನನ್ನ ತಮ್ಮ ರೋಶನ್‌ನನ್ನು ಹಿಡಿದು ಕೂರಿಸಿದರು.

ನಮ್ಮ ಮದುವೆಯ ಆಲ್ಬಮಿನ ಮೊದಲ ಆರು ಪುಟಗಳಲ್ಲಿ ಅವನೇ ತಲೆಯಿಂದ ಹಾಲು ಇಳಿಸಿಕೊಂಡು ನಗುತ್ತಿದ್ದಾನೆ. ಇಡೀ ಆಲ್ಬಮಿನಲ್ಲಿ ಮದುಮಗ ಚೆನ್ನಾಗಿ ಬಂದಿರುವುದು ಆ ಆರು ಪುಟಗಳಲ್ಲಿ ಮಾತ್ರ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ!