ಸೋದರಮಾವನ ಬಾಯಿಗೆ ಬೀಗ

ನನ್ನ ಮೈದುನ ರಾಮಲಿಂಗಪ್ಪ ಎಷ್ಟು ಮಾತಾಡಿದರೂ ನನ್ನ ತಕರಾರಿಲ್ಲ. ಆದರೆ ಅವನು ಹಾಡುತ್ತಾನೆ. ನನ್ನ ನಾದಿನಿಯ ನಿಶ್ಚಿತಾರ್ಥದಲ್ಲಿ ಹಾರ್ಮೋನಿಯಂ ಹಿಡಿದು ಕುಳಿತವನು ಎರಡು ಗಂಟೆ ಏಳಲಿಲ್ಲ. ಬಡಿಸುವವರು ಬಕೆಟ್ ಇಟ್ಟು ಹೊರಗೆ ನಡೆದರು. (ಕಲ್ಯಾಣ ಮಂಟಪದ ಕಾವಲುಗಾರ ಮರಾಠಿಯವನು, ಒಂದಕ್ಷರ ಕನ್ನಡ ಬಾರದು, ಅವನೂ ಎದ್ದು ಹೋದ.) ಹಾಗಾಗಿ ೨೦೦೪ರಲ್ಲಿ ಮಗಳು ಮಾಧುರಿಯ ಮದುವೆ ಗೊತ್ತಾದಾಗ ನಾನು ಮಾಡಿದ್ದು ಒಂದೇ ಭೀಷಣ ಪ್ರತಿಜ್ಞೆ: ಈ ಮದುವೆಯಲ್ಲಿ ರಾಮಲಿಂಗಪ್ಪ ಹಾಡಕೂಡದು.

ನಾನು ಮರಾಠಿ ಸೀಮೆಯ ಭೋಸರಿಯಲ್ಲಿ ಕಾರ್ಖಾನೆಯೊಂದರ ಹೆಡ್ ಕ್ಲಾರ್ಕು, ಕಂಪ್ಯೂಟರ್ ಬಲ್ಲವನು. ಎರಡೂ ಕಡೆಯವರು ಮದುವೆಯ ವಿಚಾರ ಚರ್ಚಿಸಲೆಂದು ಇಂಟರ್ನೆಟ್ಟಿನಲ್ಲಿ ಒಂದು ಇ-ಮೇಲ್ ಗುಂಪು ತೆರೆದೆ. ಒಬ್ಬರು ಬರೆದರೆ ಎಲ್ಲರಿಗೂ ಮುಟ್ಟುತ್ತದೆ. ಯಾರ ಪತ್ರ ನೇರ ಹೋಗಬೇಕು, ಯಾರದು ಒಪ್ಪಿಗೆಗೆ ಕಾಯಬೇಕು ಎಂಬುದು ಮಾತ್ರ ಗುಂಪಿನ ಯಜಮಾನನ ಕೈಯಲ್ಲಿ. ಆ ಸಾರ್ವಭೌಮ ನಾನೇ! (ಮನೆಯಲ್ಲಿ ಟಿವಿಯ ರಿಮೋಟೂ ನನ್ನ ಕೈಗೆ ಸಿಗುವುದಿಲ್ಲ.)

ರಾಮಲಿಂಗಪ್ಪನನ್ನು ಒಪ್ಪಿಗೆಗೆ ಕಾಯುವವರ ಸಾಲಿನಲ್ಲಿ ಕೂರಿಸಿದೆ. ಮೊದಲ ದಿನವೇ ಅವನ ಪತ್ರ ಬಂತು: "ಮದುವಿ ಅಕ್ಕಿಕಾಳು ಬಿದ್ದ ಮ್ಯಾಲೆ ನಾ ಹತ್ತು ಹಾಡು ಹಾಡ್ತೀನಿ." ನಾನು ಪರಮಾನಂದದಿಂದ ತಿರಸ್ಕರಿಸಿದೆ. ಕಾರಣ: "ವಿಷಯ ಮದುವೆಗೆ ಸಂಬಂಧಿಸಿದ್ದಲ್ಲ."

"ನನ್ನ ತಮ್ಮಗಷ್ಟ ಬಾಯಿ ಕಟ್ಟೀರೇನ್ರಿ?" ಎಂದು ಹೆಂಡತಿ ಸುಮಂಗಲಾ ನನ್ನ ಮೇಲೆ ಎರಗಿದಳು.

"ಛೇ, ಎಲ್ಲಾರಿಗೂ ಒಂದ ನಿಯಮ!" ಎಂದೆ. ಆಡಿದ ಸುಳ್ಳು ನಿಜವಾಗಲೆಂದು ಎಲ್ಲರನ್ನೂ ಅದೇ ಸಾಲಿಗೆ ತಳ್ಳಿದೆ. ಎಲ್ಲರಲ್ಲಿ ಬೀಗರೂ ಸೇರುತ್ತಾರೆಂಬುದು ಈ ಹೆಡ್ ಕ್ಲಾರ್ಕಿನ ತಲೆಗೆ ಹೊಳೆಯಲಿಲ್ಲ.

ಮರುದಿನ ಬೀಗರಿರುವ ವಾಕಡದಿಂದ ಫೋನ್. ವರನ ತಂದೆ ಹೊಳಬಸಪ್ಪ.

"ಧರ್ಮರಾಜಣ್ಣಾರ, ಮುಹೂರ್ತದ ವ್ಯಾಳ್ಯಾ ಬರದ್ರ, ನೀವು ಒಪ್ಪಿದ ಮ್ಯಾಲೆ ಹಾಕ್ತೀವಿ ಅಂತ ಬರತದ. ಗಂಡಿನವ್ರು ಮಾತಾಡಾಕ ಹೆಣ್ಣಿನವ್ರ ಪರವಾನಗಿ ಬೇಕೇನ್ರಿ?"

"ಅದು ಕಂಪ್ಯೂಟರ್ ಬರದದ್ರಿ, ನಾ ಅಲ್ಲ!"

"ನಾವು ಸಂಬಂಧ ಮಾಡಿದ್ದು ಕಂಪ್ಯೂಟರ್ ಜೋಡಿ ಅಲ್ರಿ, ನಿಮ್ಮ ಜೋಡಿ."

ನಾನು ಫೋನ್ ಇಟ್ಟು ತಿರುಗಿದೆ. ಸುಮಂಗಲಾ ಸೆರಗು ಸಿಕ್ಕಿಸಿ ನಿಂತಳು: "ಮದುವಿ ಮುರದೀರಿ! ಮೊದಲ ಅವ್ರಿಗೆ ಮಾನ ಕೊಡ್ರಿ."

ತಕ್ಷಣ ಹೊಳಬಸಪ್ಪನವರನ್ನೇ ಯಜಮಾನರನ್ನಾಗಿ ಮಾಡಿದೆ. ಹೆಣ್ಣಿನ ತಂದೆ ಬೀಗರ ಸರಿಸಮ ಕೂರುವುದುಂಟೇ? ವಿನಯ ಉಕ್ಕಿ ಬಂದು, ನನ್ನನ್ನು ನಾನೇ ಒಪ್ಪಿಗೆಗೆ ಕಾಯುವವರ ಸಾಲಿಗೆ ಇಳಿಸಿಕೊಂಡೆ.

"ಸಂಸ್ಕಾರ ಅಂದ್ರ ಇದ್ರಿ!" ಎಂದು ಬೀಗರು ಕರಗಿದರು. ನಾನು ಒಂದು ಲೋಟ ನೀರು ಕುಡಿದೆ.

ಅಷ್ಟಕ್ಕೇ ನಿಲ್ಲಬೇಕಲ್ಲ! ಹೊಸ ಯಜಮಾನರು ಒಪ್ಪಿಗೆಗೆ ಕಾಯುವವರ ಪಟ್ಟಿ ನೋಡಿದರು. ಕೂಡಲೇ ಎಲ್ಲರಿಗೂ ಪತ್ರ: "ಹುಡುಗೀನ ಕೈ ಹಿಡದು ಮಂಟಪಕ್ಕ ಕರಕೊಂಡು ಬರೋ ಸೋದರಮಾವಗ ಇಲ್ಲಿ ಬಾಯಿನ ಇಲ್ಲಲ್ರಿ! ಇದೆಂಥಾ ಅನ್ಯಾಯ?" ರಾಮಲಿಂಗಪ್ಪನಿಗೆ ಸಹಯಜಮಾನನ ಪಟ್ಟಾಭಿಷೇಕವಾಯಿತು. ಅವನು ಹಾಡಿನ ಪ್ರಸ್ತಾಪ ಮತ್ತೆ ಎತ್ತಿದ. ಬೀಗರು ಬರೆದರು: "ಹತ್ತು ಯಾಕ್ರಿ, ಇಪ್ಪತ್ತು ಹಾಡ್ರಿ."

ಬೀಗರಿಗೆ ಫೋನ್ ಮಾಡುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಗುಂಪಿಗೇ ನಮ್ರವಾಗಿ ಬರೆದೆ: "ಊಟಕ್ಕೆ ತಡವಾಗುತ್ತದೆ, ಒಂದು ಹಾಡು ಸಾಕು." ಬರೆದು ಕಾದೆ. ಎರಡು ದಿನ ಕಾದೆ. ಮೂರನೆಯ ದಿನ ಉತ್ತರ ಬಂತು:

"ನಿಮ್ಮ ಪತ್ರ ತಿರಸ್ಕೃತವಾಗಿದೆ. ಕಾರಣ: ವಿಷಯ ಮದುವೆಗೆ ಸಂಬಂಧಿಸಿದ್ದಲ್ಲ. ಇಂತಿ, ರಾಮಲಿಂಗಪ್ಪ. ತಾ.ಕ.: ಶ್ರುತಿಪೆಟ್ಟಿಗಿ ಹಿಡಿಯಾಕ ನೀವ ಆಗಬೇಕಂತ, ಬೀಗರ ಅಪ್ಪಣೆ ಆಗೇದ."

ಮದುವೆ ಸಾಂಗವಾಗಿ ನೆರವೇರಿತು. ನಾನು ಮೈದುನನ ಪಕ್ಕದಲ್ಲಿ ರೇಷ್ಮೆ ಪಂಚೆ ಉಟ್ಟು ಎರಡೂವರೆ ಗಂಟೆ ಶ್ರುತಿಪೆಟ್ಟಿಗೆ ಒತ್ತಿದೆ. ಹನ್ನೊಂದನೆಯ ಹಾಡಿಗೆ ಬಡಿಸುವವರು ಬಕೆಟ್ ಇಟ್ಟು ಹೊರಗೆ ನಡೆದರು. ಅವರ ಹಿಂದೆ ನಾನೂ ಏಳಬೇಕೆಂದು ಮುಂದಿನ ಸಾಲಿನಲ್ಲಿದ್ದ ಸುಮಂಗಲಾಳ ಮುಖ ನೋಡಿದೆ, ಒಪ್ಪಿಗೆ ಸಿಗಲಿಲ್ಲ.