ಎರಡು ದೇಶಗಳ ಇದ್ದಿಲು

ಇಷ್ಟಕ್ಕೆಲ್ಲ ಕಾರಣ ಒಂದು ನೀಲಿ ಗೆರೆ. ಲುಸಾಕದ ಕಚೇರಿಯೊಂದರಲ್ಲಿ ಹತ್ತು ವರ್ಷದಿಂದ ಹಂಗಾಮಿಯಾಗಿ ಇದ್ದಿಲಿನ ಲೆಕ್ಕ ಬರೆಯುತ್ತಿದ್ದ ಲೆವಿ ಕಪಾಸ, ಜಾಂಬಿಯಾ ಮತ್ತು ಮಲಾವಿ ಮೂವತ್ತು ವರ್ಷಗಳಲ್ಲಿ ಎಷ್ಟೆಷ್ಟು ಇದ್ದಿಲು ಸುಟ್ಟವೆಂದು ಎರಡು ಗೆರೆ ಎಳೆದಿದ್ದ. ಮಲಾವಿಯದು ಕೆಂಪು, ನಮ್ಮ ಜಾಂಬಿಯಾದ್ದು ನೀಲಿ. ನೀಲಿ ಕೆಂಪಿನ ಹೆಗಲೇರಿ ಕೂತಿತ್ತು.

ಮುಯುಂಡ ಸಾಹೇಬರು ಕನ್ನಡಕ ಏರಿಸಿ ನೋಡಿದರು. ಸಂಜೆ ನಾಲ್ಕಕ್ಕೆ ಎರಡೂ ದೇಶದ ಮಂತ್ರಿಗಳ ಸಭೆ. ಕಾಡು ಕಡಿಯುವುದರಲ್ಲಿ ನಾವೇ ಮುಂದೆ ಅಂತ ನಮ್ಮ ಮಂತ್ರಿಗಳು ಡಂಗುರ ಹೊಡೆಯಬೇಕೇ ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, "ನೀಲಿ ಕೆಳಗಿದ್ರೆ ಇವತ್ತೇ ನಿನ್ನ ಕೆಲಸ ಖಾಯಂ. ಮೇಲಿದ್ರೆ ನೀನು ಮನೇಲಿ," ಎಂದರು.

ಲೆಕ್ಕ ತಿದ್ದುವುದೇನೂ ಕಷ್ಟವಿರಲಿಲ್ಲ. ಇದ್ದಿಲು ಕಾಡಿನೊಳಗೆ ಮಣ್ಣಿನ ಗುಡ್ಡೆಯಡಿ ಹುಟ್ಟಿ, ಸೈಕಲ್ ಏರಿ ಪೇಟೆಗೆ ಬರುತ್ತದೆ. ದಾರಿಯಲ್ಲಿ ಯಾರಿಗೂ ಹೆಸರು ಹೇಳುವುದಿಲ್ಲ. ಹಾಗಾಗಿ ಕಪಾಸ ವರ್ಷವರ್ಷವೂ ಮಲಾವಿಯ ಲಿಲೋಂಗ್ವೆಯಲ್ಲಿ ತನ್ನಂತೆಯೇ ಹಂಗಾಮಿಯಾಗಿದ್ದ ಎಸ್ನಾತಿಗೆ ಫೋನ್ ಮಾಡಿ, ಅವಳ ಅಂಕಿಗೆ ಒಂದಿಷ್ಟು ಸೇರಿಸಿ ಬರೆಯುತ್ತಿದ್ದ. ಅವಳಿಗೆ ಆ ಅಂಕಿ ಎಲ್ಲಿಂದ ಸಿಗುತ್ತದೆಂದು ಕೇಳಿರಲಿಲ್ಲ. ಇವತ್ತು ಕೇಳಿದ.

"ನಿನ್ನಿಂದ್ಲೇ ಕಣಪ್ಪ. ನಿನ್ನ ಹೋದ ವರ್ಷದ್ದು ತಗೊಂಡು ಒಂಚೂರು ಕಳೀತೀನಿ. ನೀನಾದ್ರೂ ಎಣಿಸ್ತಿದೀಯ ಅಂದ್ಕೊಂಡಿದ್ದೆ."

ಅವಳ ಸಾಹೇಬರೂ ಅವಳಿಗೆ ಅದೇ ಮಾತು ಹೇಳಿದ್ದರಂತೆ: ಕೆಂಪು ಕೆಳಗಿದ್ದರೆ ಖಾಯಂ.

ಎರಡೂ ಗೆರೆ ಒಂದೇ ಹಾಳೆಯಲ್ಲಿ ಇರಬೇಕಾದ್ದರಿಂದ ಅಂಕಿಗಳನ್ನು ಪರಸ್ಪರ ಕಳಿಸದೆ ವಿಧಿಯಿಲ್ಲ. ಕಪಾಸ ಒಂದು ಲಕ್ಷ ಟನ್ ಇಳಿಸಿ ಕಳಿಸಿದ. ಅವಳು ಎರಡು ಲಕ್ಷ ಇಳಿಸಿದಳು. ಸಂತೆಯಲ್ಲಿ ಮಾರುವವನೇ ಇಲ್ಲದೆ ಇಬ್ಬರು ಗಿರಾಕಿಗಳು ಚೌಕಾಸಿಗೆ ಕೂತಂತಾಯಿತು. ಸುದ್ದಿ ಹಬ್ಬಿ ಕಚೇರಿಯೆಲ್ಲ ಮೇಜಿನ ಸುತ್ತ ನೆರೆಯಿತು. ಡ್ರೈವರ್ ಫುಟ್‌ಬಾಲ್ ಸ್ಕೋರಿನಂತೆ ಅಂಕಿ ಕೂಗಿದ. ಅಂಗಳದಲ್ಲಿ ಮಧ್ಯಾಹ್ನದ ನ್ಷಿಮಾ ಮುದ್ದೆಗೆ ಆಗತಾನೆ ಹೊತ್ತಿಸಿದ್ದ ಇದ್ದಿಲೊಲೆಯ ಹೊಗೆ ನುಗ್ಗಿ ಎಲ್ಲರೂ ಕೆಮ್ಮಿದರು. ಟೈಪಿಸ್ಟ್ ಮುತಾಲೆ ಕಿಟಕಿ ಮುಚ್ಚಿ ಬಂದು, ಇನ್ನೂ ಇಳಿಸಿ ಎಂದು ಹುರಿದುಂಬಿಸಿದಳು.

ಮೂರೂವರೆಗೆ ಮಲಾವಿ ಹನ್ನೆರಡು ಚೀಲದಲ್ಲಿತ್ತು, ಜಾಂಬಿಯಾ ಹನ್ನೊಂದರಲ್ಲಿ. ಅಷ್ಟು ತನ್ನ ತಾಯಿಯ ಹಿತ್ತಿಲಲ್ಲೇ ಇದೆಯಲ್ಲ ಎಂದು ಮುತಾಲೆ ತಗಾದೆ ತೆಗೆದಳು. ಹಾಗಿದ್ದರೆ ಅಮ್ಮನನ್ನು ದೇಶದಿಂದಾಚೆ ಕಳಿಸು ಎಂದ ಡ್ರೈವರ್.

ನಾಲ್ಕಕ್ಕೆ ಐದು ನಿಮಿಷವಿರುವಾಗ ಎರಡೂ ಸೊನ್ನೆ. ಮೂವತ್ತು ವರ್ಷ ಜಾರುಬಂಡೆಯಾಡಿದ ಕೆಂಪೂ ನೀಲಿಯೂ ಹಾಳೆಯ ತಳದಲ್ಲಿ ಒಂದೇ ಚಾಪೆಯ ಮೇಲೆ ಮಲಗಿದ್ದವು. ಇನ್ನು ಇಳಿಯಲು ಜಾಗವಿರಲಿಲ್ಲ.

ಸಭೆಯಲ್ಲಿ ಮಂತ್ರಿಗಳಿಬ್ಬರೂ ತಬ್ಬಿಕೊಂಡರಂತೆ. ಐದಕ್ಕೆ ಮುಯುಂಡ ಸಾಹೇಬರು ಬಂದು, ಕೊಟ್ಟ ಮಾತಿನಂತೆ ಕಪಾಸನ ಕೈಗೆ ಖಾಯಂ ಪತ್ರವಿಟ್ಟರು. ಎಲ್ಲರೂ ಬೆನ್ನು ತಟ್ಟಿದರು. ತಟ್ಟುವುದು ನಿಂತಮೇಲೆ ಸಾಹೇಬರು ಇನ್ನೊಂದು ಪತ್ರ ಕೊಟ್ಟರು. ಇದ್ದಿಲೇ ಇಲ್ಲದ ದೇಶಕ್ಕೆ ಇದ್ದಿಲು ವಿಭಾಗವೇಕೆಂದು ಮಂತ್ರಿಗಳು ಅಲ್ಲೇ ಅದನ್ನು ರದ್ದು ಮಾಡಿದ್ದರು.

"ಖಾಯಂ ಮಾಡಿದ್ದು ನಿಜ ಕಪಾಸ," ಎಂದರು ಸಾಹೇಬರು ನೊಂದು. "ಆದ್ರೆ ಆ ವಿಭಾಗದಲ್ಲಿ."

ಅಷ್ಟರಲ್ಲಿ ಫೋನ್ ಬಂತು. ಎಸ್ನಾತಿಯದೂ ಅದೇ ಗತಿ. ಅಣ್ಣನ ಜೊತೆ ಸೇರಿ ಗಡಿಯಲ್ಲಿ ಇದ್ದಿಲು ಸುಡುವ ಕಸುಬಿಗೆ ಇಳಿಯುತ್ತಾಳಂತೆ, ಕಪಾಸನೂ ಪಾಲುದಾರನಾಗಬಹುದಂತೆ.

"ಆದ್ರೆ ಹುಡುಗಾಟ ಬೇಡ," ಎಂದಳು. "ನಿಮ್ಮ ದೇಶದಲ್ಲಿ ವರ್ಷಕ್ಕೆ ನಿಜವಾಗ್ಲೂ ಎಷ್ಟು ಇದ್ದಿಲು ಬೇಕು, ಹೇಳು."

ಕಪಾಸ ಗಂಟಲು ಸರಿಮಾಡಿಕೊಂಡ. ಹತ್ತು ವರ್ಷದ ಕಡತಗಳನ್ನು ಒಮ್ಮೆ ನೋಡಿದ.

"ಮೊದ್ಲು ನೀನ್ ಹೇಳಕ್ಕ," ಎಂದ. "ನಿಮ್ಮ ಕಡೆ ಎಷ್ಟು?"