ಸಾಕಮ್ಮನ ಅಪ್ಪಣೆ

ಜನ ಕಡಿಮೆ ಕೊಳ್ಳಲಿ ಎಂದು ನಾವು ಬೀದಿಗಿಳಿದಾಗಲೆಲ್ಲ ಯಾರಾದರೊಬ್ಬರು ಒಂದು ಹೆಚ್ಚೇ ಕೊಂಡು ಮನೆಗೆ ಹೋಗುತ್ತಾರೆ. ಇದು ನಮ್ಮ ತಂಡದ ಹಣೆಬರಹ. ತಂಡ ಎಂದರೆ ನಾಲ್ವರು: ಡ್ರಾಯಿಂಗ್ ಮೇಷ್ಟರಾಗಿ ನಿವೃತ್ತನಾದ ನಾನು, ಒಬ್ಬ ಟೈಲರ್, ಒಬ್ಬ ಬ್ಯಾಂಕ್ ಗುಮಾಸ್ತ, ಒಬ್ಬರು ಕಾಲೇಜು ಮೇಡಂ. ಆಫರ್ ಬೋರ್ಡ್ ಕಂಡಲ್ಲೆಲ್ಲ ನಿಂತು, ತಮಟೆ ಬಡಿದು ಬೀದಿನಾಟಕ ಆಡುತ್ತೇವೆ.

ನನ್ನ ಹೆಂಡತಿಗೆ ಇದು ಹಿಡಿಸದು. ಅವಳಿಗೆ ಹೊಸ ಮಿಕ್ಸಿ ಬೇಕು. ಹಳೆಯದು ಮುಚ್ಚಳ ಅದುಮಿ ಹಿಡಿದರಷ್ಟೇ ತಿರುಗುತ್ತದೆ. ತಿರುಗುತ್ತದಲ್ಲ, ಸಾಕು ಎನ್ನುವುದು ನನ್ನ ವಾದ. ಕಳೆದ ಆಷಾಢದಲ್ಲಿ ಅವಳು ಪಂದ್ಯ ಕಟ್ಟಿದಳು.

“ದೀಪಾವಳಿಯೊಳಗೆ ನಿಮ್ಮ ಆಟ ನೋಡಿ ಒಬ್ಬರಾದ್ರೂ ಏನೂ ತಗೊಳ್ದೆ ಮನೆಗೆ ಹೋಗ್ಲಿ, ನಾನು ಮಿಕ್ಸಿ ಸುದ್ದಿ ಎತ್ತಲ್ಲ. ಯಾರೂ ಹೋಗ್ಲಿಲ್ವಾ, ಮಿಕ್ಸಿ ಮನೆಗೆ ಬರ್ಬೇಕು, ನಿಮ್ಮ ತಮಟೆ ಅಟ್ಟ ಹತ್ಬೇಕು.”

ನಾನು ಎದೆಯುಬ್ಬಿಸಿ ಒಪ್ಪಿದೆ. ಇಷ್ಟು ದೊಡ್ಡ ಶಿವಮೊಗ್ಗದಲ್ಲಿ ಒಬ್ಬರು ಸಿಗುವುದಿಲ್ಲವೇ?

ಪರ್ಸಿನ ಶವಯಾತ್ರೆ

ಸವಳಂಗ ರಸ್ತೆಯ ಒಂದು ಸೀರೆ ಅಂಗಡಿಯಲ್ಲಿ ಆಷಾಢದ ಸೇಲ್. ನಾವು ದಿಂಬಿನಷ್ಟು ದೊಡ್ಡ ಪರ್ಸ್ ಹೊಲಿದು, ಚಟ್ಟಕ್ಕೆ ಕಟ್ಟಿ, ಹೂ ಹೊದಿಸಿ ಮೆರವಣಿಗೆ ಹೊರಟೆವು. ಮುಂದೆ ಟೈಲರ್ ಮಡಕೆ ಹಿಡಿದು ಅಳುತ್ತಿದ್ದ. ಅವನು ಬಹಳ ಚೆನ್ನಾಗಿ ಅಳುತ್ತಾನೆ, ಅದೇ ತಪ್ಪಾಯಿತು. ನಗಬೇಕಾದ ಜನ ಬೈಕ್ ನಿಲ್ಲಿಸಿ ಚಪ್ಪಲಿ ಬಿಟ್ಟು ನಿಂತರು. ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ ಅಜ್ಜಿಯೊಬ್ಬರು ಇಳಿದು ಬಂದು, ಚಟ್ಟ ಮುಟ್ಟಿ, ನಾಲ್ಕು ಹೆಜ್ಜೆ ಜೊತೆಗೆ ನಡೆದರು.

“ಯಾರಪ್ಪ ಹೋಗಿದ್ದು?”

“ಪರ್ಸು, ಅಜ್ಜಿ.”

“ಪಾಪ. ವಯಸ್ಸಾಗಿತ್ತಾ?”

ವಿಷಯ ಬಿಡಿಸಿ ಹೇಳಿದಾಗ ನಕ್ಕರು. ಆದರೂ ಅಂಗಡಿ ಕಡೆ ತಿರುಗಲಿಲ್ಲ. “ಆಟದ್ದೇ ಇರ್ಲಿ ಮಾರಾಯ, ಚಟ್ಟ ಚಟ್ಟನೇ. ಮುಟ್ಟಿದ ಮೇಲೆ ತಲೆಗೆ ಸ್ನಾನ ಮಾಡ್ದೆ ಹೊಸ ಸೀರೆ ಮುಟ್ಟೋಕಾಗುತ್ತಾ?” ಎಂದು ಆಟೋ ಹತ್ತಿ ಹೋಗಿಯೇಬಿಟ್ಟರು. ನಾನು ಕುಣಿದಾಡುತ್ತ ಹೆಂಡತಿಗೆ ಫೋನ್ ಮಾಡಿ ಗೆದ್ದೆ ಎಂದೆ.

ಚಟ್ಟ ಬಿಚ್ಚಿ ಟೀ ಕುಡಿಯುವಷ್ಟರಲ್ಲಿ ಅದೇ ಆಟೋ ವಾಪಸ್ ಬಂತು. ಅಜ್ಜಿ ಒದ್ದೆ ಕೂದಲಲ್ಲಿ ಇಳಿದರು, ಹಿಂದೆ ಇಬ್ಬರು ಸೊಸೆಯಂದಿರು. “ನಾನೊಬ್ಳೇ ಗುಟ್ಟಾಗಿ ಬಂದಿದ್ದೆ ಕಣಪ್ಪ. ನಿನ್ನಿಂದ ಸ್ನಾನ ಯಾಕೆ ಅಂತ ಹೇಳ್ಬೇಕಾಗಿ ಬಂದು, ಇವರಿಗೂ ಗೊತ್ತಾಯ್ತು” ಎಂದು ಮೂವರೂ ಒಳಗೆ ಹೋದರು.

ನ್ಯೂ ಟೌನಿನ ಸಾಲು

ಭದ್ರಾವತಿಯಲ್ಲಿ ಕಾಲೇಜು ಮೇಡಂ ಬೇರೆ ಉಪಾಯ ಹೂಡಿದರು. ನ್ಯೂ ಟೌನಿನ ಒಂದು ಸೂಪರ್‌ಮಾರ್ಕೆಟ್‌ನೊಳಗೆ ನಾವು ನಾಲ್ವರೂ ಖಾಲಿ ಬುಟ್ಟಿ ಹಿಡಿದು, ಮಾತಿಲ್ಲದೆ, ಒಬ್ಬರ ಹಿಂದೊಬ್ಬರು ಸುತ್ತುವುದು, ಏನೂ ತೆಗೆದುಕೊಳ್ಳದೆ ಹೊರಗೆ ಬರುವುದು. ಮೌನ ಪ್ರತಿಭಟನೆ.

ಕಾರ್ಖಾನೆ ಊರಿನವರು ಜೀವಮಾನವೆಲ್ಲ ಸಾಲಿನಲ್ಲಿ ನಿಂತವರು. ರೇಷನ್ನಿಗೆ, ಸೀಮೆಎಣ್ಣೆಗೆ, ಕ್ಯಾಂಟೀನ್ ಊಟಕ್ಕೆ. ಸಾಲು ಕಂಡರೆ ಕಾಲು ತಾನಾಗಿಯೇ ಹೋಗಿ ಸೇರುತ್ತದೆ. ಎರಡನೇ ಸುತ್ತಿನಲ್ಲಿ ತಿರುಗಿ ನೋಡಿದರೆ ನಮ್ಮ ಹಿಂದೆ ಇಪ್ಪತ್ತು ಜನ. ಬೆನ್ನಿಗಿದ್ದ ನಿವೃತ್ತ ಕಾರ್ಮಿಕರೊಬ್ಬರು ನನ್ನ ಭುಜ ತಟ್ಟಿದರು.

“ಏನ್ ಕೊಡ್ತಾರೆ ಸಾರ್?”

“ಏನೂ ಕೊಡಲ್ಲ.”

“ತಲೆಗೆ ಎಷ್ಟು?”

ಮುಂದಿನ ಸುತ್ತಿಗೆ ಅವರು ಹೆಂಡತಿಯನ್ನೂ ಕರೆಸಿ ಹಿಂದೆ ನಿಲ್ಲಿಸಿಕೊಂಡಿದ್ದರು. ಮ್ಯಾನೇಜರ್ ಗಾಬರಿಯಾಗಿ, ಸಾಲು ಚದುರಲಿ ಎಂದು, ಏನು ಕೊಂಡರೂ ಒಂದು ಸೋಪು ಉಚಿತ ಎಂದು ಕೂಗಿಬಿಟ್ಟ. ಸಾಲು ಚದುರಿತು. ಹೊರಗೆ ಬಂದು ನೋಡಿದರೆ ನಾವು ಮೂವರೇ. ಬ್ಯಾಂಕ್ ಗುಮಾಸ್ತ ಬಿಲ್ ಕೌಂಟರಿನಲ್ಲಿದ್ದ.

ಸಾಕಮ್ಮ ಬಂದಳು

ದೀಪಾವಳಿಗೆ ಮೂರೇ ದಿನ ಉಳಿದಿತ್ತು. ನನಗೆ ನಿಜಕ್ಕೂ ಭಯ ಹುಟ್ಟಿತು. ಮಿಕ್ಸಿ ಬಂದರೆ ಬರಲಿ, ತಮಟೆ ಅಟ್ಟ ಹತ್ತಿದರೆ ನಾನು ಬದುಕುವುದು ಹೇಗೆ? ಕೊನೆಯ ಆಟ, ಮತ್ತೆ ಸವಳಂಗ ರಸ್ತೆ, ಮಿಕ್ಸಿ-ಟಿವಿ ಅಂಗಡಿಯ ಮುಂದೆ. ನಾನು ಸೀರೆ ಉಟ್ಟು, ಹಣೆ ತುಂಬ ಕುಂಕುಮ ಬಳಿದು, ಬೇವಿನ ಸೊಪ್ಪು ಹಿಡಿದು, ನಾವೇ ಹುಟ್ಟಿಸಿದ ಸಾಕಮ್ಮ ದೇವಿ ಮೈಮೇಲೆ ಬಂದವಳಾಗಿ ಕುಣಿದೆ. ನಾಟಕ ಎಂದು ಎಲ್ಲರಿಗೂ ಗೊತ್ತು. ಆದರೂ ಅಪ್ಪಣೆ ಕೇಳದೆ ದಾಟಿಹೋಗಲು ಯಾರಿಗೂ ಧೈರ್ಯವಿಲ್ಲ.

“ತಾಯಿ, ದೊಡ್ಡ ಟಿವಿ ತಗೊಳ್ಲಾ?” ಎಂದರು ಒಬ್ಬರು.

“ಮನೇಲಿರೋದು ಓಡ್ತಿದೆಯಾ?”

“ಓಡ್ತಿದೆ ತಾಯಿ.”

“ಹಾಗಾದ್ರೆ ಅದೇ ಸಾಕು.”

ಅವರು ಭಕ್ತಿಯಿಂದ ಕೈಮುಗಿದು, ಒಳಗೆ ಹೋಗಿ ಟಿವಿ ಕೊಂಡು ತಂದು, ಅದಕ್ಕೆ ನನ್ನ ಕೈಯಿಂದಲೇ ಕುಂಕುಮ ಹಚ್ಚಿಸಿಕೊಂಡರು.

ಆಗ ಗುಂಪು ಸರಿಸಿಕೊಂಡು ಒಬ್ಬಳು ಮುಂದೆ ಬಂದಳು. ನನ್ನ ಹೆಂಡತಿ.

“ತಾಯಿ, ಮಿಕ್ಸಿ ತಗೊಳ್ಳೋಣ ಅಂತ ಬಂದೆ. ಏನಪ್ಪಣೆ?”

ನನಗೆ ದಾರಿ ಹೊಳೆಯಿತು. ಇವಳೇ ಬರಿಗೈಲಿ ಹೋದರೆ ಪಂದ್ಯ ನನ್ನದೇ. “ಬೇಡ ಮಗಳೇ. ಮನೇಲಿ ರುಬ್ಬೋ ಕಲ್ಲಿದೆ, ಅದೇ ಸಾಕು” ಎಂದೆ.

“ಆಗ್ಲಿ ತಾಯಿ. ರುಬ್ಬೋರು ಯಾರು? ಅದನ್ನೂ ಅಪ್ಪಣೆ ಕೊಡ್ಸಿ.”

ತಮಟೆ ನಿಂತಿತು. ಸುತ್ತಲಿದ್ದ ಹೆಂಗಸರೆಲ್ಲ ನನ್ನನ್ನೇ ನೋಡತೊಡಗಿದರು. ಆಷಾಢದ ಆ ಅಜ್ಜಿ ಅಲ್ಲೂ ಹಾಜರಿದ್ದರು. “ಗಂಡನೇ ರುಬ್ಲಿ ಅನ್ನಮ್ಮ, ಯಾಕೆ ಯೋಚನೆ ಮಾಡ್ತೀಯ?” ಎಂದರು. ಹೆಂಗಸರು ಹೌದು ಹೌದೆಂದರು. ಇಷ್ಟು ಜನ ಭಕ್ತರನ್ನು ಎದುರು ಹಾಕಿಕೊಳ್ಳುವ ದೇವಿ ಎಲ್ಲಿದ್ದಾಳೆ?

“ಗಂಡನೇ ರುಬ್ಲಿ” ಎಂದೆ.

ಹೆಂಡತಿ ಬೇವಿನ ಸೊಪ್ಪು ಕಣ್ಣಿಗೊತ್ತಿಕೊಂಡು, ಏನೂ ಕೊಳ್ಳದೆ, ನೆಟ್ಟಗೆ ಮನೆಗೆ ಹೋದಳು. ನಾನು ಪಂದ್ಯ ಗೆದ್ದಿದ್ದೆ.

ಹಳೇ ಮಿಕ್ಸಿಯನ್ನು ಅವಳು ಅಂದೇ ಗುಜರಿಯವನಿಗೆ ಕೊಟ್ಟಳು. ಹಬ್ಬಕ್ಕೆ ಮನೆ ತುಂಬ ನೆಂಟರು. ಹೋಳಿಗೆಯ ಹೂರಣ, ದೋಸೆ ಹಿಟ್ಟು, ಮೂರು ಹೊತ್ತೂ ಚಟ್ನಿ. ಎಂಟನೇ ದಿನ ರಟ್ಟೆ ಎತ್ತಲಾಗದೆ ಯಾರಿಗೂ ಹೇಳದೆ ಅದೇ ಅಂಗಡಿಗೆ ಹೋಗಿ ಮಿಕ್ಸಿ ಕೇಳಿದೆ. ಮಾಲೀಕರು ಎರಡೂ ಕೈ ಮುಗಿದರು.

“ಕೊಡೋ ಹಾಗಿಲ್ಲ ಮೇಷ್ಟ್ರೇ. ನಿಮ್ಮ ಮನೆಯವರು ಬಂದು ಹೇಳಿ ಹೋಗಿದಾರೆ, ಅಮ್ಮನ ಅಪ್ಪಣೆ ಮೀರಬಾರದಂತೆ.”

ನಮ್ಮ ಚಳವಳಿಯಿಂದಾಗಿ ಏನೂ ಕೊಳ್ಳದೆ ಮನೆಗೆ ಹೋದ ಎರಡನೇ ಗಿರಾಕಿ ನಾನೇ.